ಬ್ಯಾಂಜೋ ಮತ್ತು ನಿಧಾನದ ಹಾಡು: ಹವ್ಯಾಸಿಗಳು ಉಳಿಸಿಕೊಂಡ ಒಂದು ಚರಿತ್ರೆ



ಬ್ಯಾಂಜೋ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಬರುವುದು ಗಣೇಶನ ಮೆರವಣಿಗೆಯಲ್ಲೋ ವಾದ್ಯಗೋಷ್ಠಿಯಲ್ಲೋ ನುಡಿಸುವ ಒಂದು ಉದ್ದನೆಯ ಪೆಟ್ಟಿಗೆ. ಅದರ ಮೇಲೆ ಬೆರಳಚ್ಚು ಯಂತ್ರದಲ್ಲಿ ಇರುವಂಥ ಗುಂಡಿಗಳ ಸಾಲು. ಒಂದು ಕೈಯಿಂದ ಗುಂಡಿ ಒತ್ತಿ ಇನ್ನೊಂದು ಕೈಯಿಂದ ತಂತಿ ಮೀಟಿದರೆ ಸಿನಿಮಾ ಹಾಡು ಝಣಝಣನೆ ಹೊಮ್ಮುತ್ತದೆ. ಇದರ ಇನ್ನೊಂದು ಹೆಸರು ಬುಲ್‌ಬುಲ್ ತರಂಗ್. 1912ರಲ್ಲಿ ಜಪಾನಿನ ನಗೋಯಾ ನಗರದಲ್ಲಿ ರೂಪುಗೊಂಡ ತೈಶೋಗೊತೊ ಎಂಬ ವಾದ್ಯವೇ ಭಾರತಕ್ಕೆ ಬಂದು ಈ ರೂಪ ತಾಳಿತು. ನಮ್ಮ ಜನ ಅದನ್ನು ಬ್ಯಾಂಜೋ ಎಂದು ಕರೆದರು. ಆದರೆ ಆ ಹೆಸರಿನ ಮೂಲ ಒಡೆಯ ಬೇರೊಂದು ವಾದ್ಯ. ಇಂದು ನಾವು ಮಾತನಾಡುವುದು ಆ ಮೂಲ ಬ್ಯಾಂಜೋವಿನ ಬಗ್ಗೆ.

ಅದು ಅಮೆರಿಕದ್ದು. ಸಣ್ಣ ತಮಟೆಗೆ ಉದ್ದನೆಯ ದಂಡಿ ಜೋಡಿಸಿದಂತೆ ಕಾಣುತ್ತದೆ. ಮುಖಕ್ಕೆ ಬಿಗಿದ ಚರ್ಮ, ಅದರ ಮೇಲೆ ಸಣ್ಣದೊಂದು ಮರದ ಕುದುರೆ, ಕುದುರೆಯ ಮೇಲೆ ಹಾದುಹೋಗುವ ಐದು ತಂತಿಗಳು. ಐದರಲ್ಲಿ ನಾಲ್ಕು ಉದ್ದ, ಒಂದು ಗಿಡ್ಡ. ಗಿಡ್ಡ ತಂತಿಯ ಬಿರಡೆ ದಂಡಿಯ ತುದಿಯಲ್ಲಿರುವುದಿಲ್ಲ, ದಂಡಿಯ ನಡುವೆ ಪಕ್ಕದಲ್ಲಿರುತ್ತದೆ. ವೇದಿಕೆಯ ಮೇಲೆ ಈ ವಾದ್ಯ ಹೆಸರಾದದ್ದು ವೇಗಕ್ಕೆ, ಉತ್ಸಾಹಕ್ಕೆ, ಕೆಲವೊಮ್ಮೆ ತಮಾಷೆಗೆ. ಆದರೆ ಮನೆಯ ಜಗುಲಿಯಲ್ಲಿ, ದುಡಿದು ದಣಿದು ಬಂದವರ ಕೈಯಲ್ಲಿ, ಇದೇ ವಾದ್ಯ ಸಾವು, ಅಗಲಿಕೆ, ಸೆರೆಮನೆ, ಬಡತನಗಳನ್ನು ಕುರಿತ ನಿಧಾನದ ಹಾಡುಗಳಿಗೂ ಜೊತೆಯಾಗಿದೆ. ಈ ಎರಡನೆಯ ಚರಿತ್ರೆ ಹೆಚ್ಚು ಪ್ರಚಾರ ಪಡೆಯಲಿಲ್ಲ. ಕಾರಣ ಸರಳ. ಅದನ್ನು ನಡೆಸಿಕೊಂಡು ಬಂದವರು ಬಹುಮಟ್ಟಿಗೆ ಹವ್ಯಾಸಿಗಳು.

ಹವ್ಯಾಸಿ ಎಂದರೆ ಯಾರು? ಸಂಗೀತ ಅರ್ಧಂಬರ್ಧ ಬಲ್ಲವನು ಎಂದಲ್ಲ. ಅನ್ನ ಬೇರೆ ಕೆಲಸದಿಂದ ಬರುತ್ತದೆ, ಹಾಡು ಬೇರೆ ಕಾರಣಕ್ಕೆ ಬರುತ್ತದೆ ಎಂದಷ್ಟೇ ಅರ್ಥ. ಬ್ಯಾಂಜೋವಿನ ಕತೆಯಲ್ಲಿ ಈ ವ್ಯತ್ಯಾಸ ಬಹಳ ಮುಖ್ಯವಾದದ್ದು.

ಗದ್ದೆಯಿಂದ ಬಂದ ವಾದ್ಯ

ಪಶ್ಚಿಮ ಆಫ್ರಿಕದ ಸೆನೆಗಲ್ ಮತ್ತು ಗ್ಯಾಂಬಿಯಾ ಪ್ರದೇಶದಲ್ಲಿ ಜೋಲಾ ಎಂಬ ಜನ ಇದ್ದಾರೆ. ಭತ್ತ ಬೆಳೆಯುವುದರಲ್ಲಿ ನಿಪುಣರು. ಅವರಲ್ಲಿ ಅಕೊಂಟಿಂಗ್ ಎಂಬ ವಾದ್ಯವಿದೆ. ಒಣಗಿದ ಸೋರೆ ಬುರುಡೆಯನ್ನು ಕತ್ತರಿಸಿ, ಬಾಯಿಗೆ ಮೇಕೆಯ ಚರ್ಮ ಬಿಗಿದು, ಉದ್ದನೆಯ ಕೋಲನ್ನು ತೂರಿಸಿ ಮೂರು ತಂತಿ ಕಟ್ಟುತ್ತಾರೆ. ಅವುಗಳಲ್ಲಿ ಒಂದು ಗಿಡ್ಡ ತಂತಿ. ಅದನ್ನು ಹೆಬ್ಬೆರಳಿನಿಂದ ಮೀಟುತ್ತಾರೆ. ಮಿಕ್ಕ ತಂತಿಗಳನ್ನು ಬೆರಳಿನ ಉಗುರಿನಿಂದ ಮೇಲಿನಿಂದ ಕೆಳಕ್ಕೆ ಹೊಡೆಯುತ್ತಾರೆ. ಅಮೆರಿಕದ ಹಳ್ಳಿಗಳ ಹಳೆಯ ಬ್ಯಾಂಜೋ ಪದ್ಧತಿಯೂ ಹೀಗೆಯೇ: ಉಗುರಿನ ಇಳಿಹೊಡೆತ, ಹೆಬ್ಬೆರಳಿಗೆ ಗಿಡ್ಡ ತಂತಿ. ಗ್ಯಾಂಬಿಯಾದ ಸಂಗೀತಗಾರ ಡೇನಿಯಲ್ ಜಟ್ಟಾ ಅವರು 2000ದ ಸುಮಾರಿಗೆ ಈ ಸಾಮ್ಯವನ್ನು ಅಮೆರಿಕದ ಸಂಶೋಧಕರ ಗಮನಕ್ಕೆ ತಂದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಪಶ್ಚಿಮ ಆಫ್ರಿಕದಲ್ಲಿ ಗ್ರಿಯೊ ಎಂಬ ವಂಶಪಾರಂಪರ್ಯ ಗಾಯಕರಿದ್ದಾರೆ. ರಾಜರ ವಂಶಾವಳಿ ಹಾಡುವುದು, ಹೊಗಳುವುದು ಅವರ ವೃತ್ತಿ. ಅವರ ತಂತಿವಾದ್ಯಗಳೇ ಬೇರೆ. ಅಕೊಂಟಿಂಗ್ ಅಂಥ ವೃತ್ತಿಗಾಯಕರ ವಾದ್ಯವಲ್ಲ. ಹಗಲು ಗದ್ದೆಯಲ್ಲಿ ದುಡಿದವರು ಸಂಜೆ ಕುಳಿತು ನುಡಿಸುವ ವಾದ್ಯ. ಅಕೊಂಟಿಂಗ್ ಒಂದೇ ಬ್ಯಾಂಜೋವಿನ ತಾಯಿ ಎಂದು ಹೇಳಲಾಗದು. ಆ ಪ್ರದೇಶದಲ್ಲಿ ಇಂಥ ಹಲವು ವಾದ್ಯಗಳಿವೆ. ಆದರೂ ಬ್ಯಾಂಜೋವಿನ ಹತ್ತಿರದ ಬಂಧುಗಳಲ್ಲಿ ಒಂದು ಹವ್ಯಾಸಿಗಳ ವಾದ್ಯ ಎಂಬುದು ಅರ್ಥಪೂರ್ಣ ಸಂಗತಿ.

16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಗುಲಾಮರನ್ನಾಗಿ ಹಡಗಿಗೆ ತುಂಬಿ ಅಟ್ಲಾಂಟಿಕ್ ಸಾಗರ ದಾಟಿಸಲಾಯಿತು. ಅವರು ಕೈಯಲ್ಲಿ ವಾದ್ಯ ಹಿಡಿದು ಹೋಗಲಿಲ್ಲ. ಆದರೆ ವಾದ್ಯ ಮಾಡುವ ಬಗೆ ತಲೆಯಲ್ಲಿತ್ತು, ನುಡಿಸುವ ಬಗೆ ಬೆರಳಲ್ಲಿತ್ತು. ಕೆರಿಬಿಯನ್ ದ್ವೀಪಗಳಲ್ಲೂ ಸೋರೆ ಸಿಕ್ಕಿತು, ಚರ್ಮ ಸಿಕ್ಕಿತು. ಆಫ್ರಿಕದ ಬೇರೆ ಬೇರೆ ಭಾಷೆಗಳ ಜನ ಒಂದೇ ತೋಟದಲ್ಲಿ ದುಡಿಯುತ್ತಿದ್ದುದರಿಂದ ಅವರೆಲ್ಲರ ನೆನಪು ಸೇರಿ ಹೊಸ ವಾದ್ಯವೊಂದು ರೂಪುಗೊಂಡಿತು.

ಅದರ ಲಿಖಿತ ಸಾಕ್ಷ್ಯಗಳಲ್ಲಿ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯರದು ಪ್ರಸಿದ್ಧವಾದದ್ದು. ಅವರು 1687ರಿಂದ 1689ರವರೆಗೆ ಜಮೈಕದಲ್ಲಿದ್ದರು. ಅಲ್ಲಿಯ ಗುಲಾಮರು ಸೋರೆ ಬುರುಡೆಯ ತಂತಿವಾದ್ಯ ನುಡಿಸುವುದನ್ನು ಕಂಡು, 1707ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅದರ ಚಿತ್ರವನ್ನೂ ಕೆಲವು ಹಾಡುಗಳ ಸ್ವರಲಿಪಿಯನ್ನೂ ಕೊಟ್ಟರು. ಇವರ ಸಂಗ್ರಹವೇ ಮುಂದೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ತಳಹದಿಯಾಯಿತು. 1770ರ ದಶಕದಲ್ಲಿ ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ ಜಾನ್ ಗೇಬ್ರಿಯಲ್ ಸ್ಟೆಡ್‌ಮನ್ ಎಂಬ ಸೈನಿಕ ಸಂಗ್ರಹಿಸಿದ ಒಂದು ಸೋರೆ ಬ್ಯಾಂಜೋ ನೆದರ್‌ಲ್ಯಾಂಡ್ಸಿನ ಲೈಡನ್ ನಗರದ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ.

ಉತ್ತರ ಅಮೆರಿಕದಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿತು. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆಯೆದ್ದರು. ಡೋಲು ಬಾರಿಸುತ್ತ ಅವರು ಒಂದಾದುದನ್ನು ಕಂಡ ಬಿಳಿಯ ಒಡೆಯರು 1740ರ ಕಾಯಿದೆಯಲ್ಲಿ ಡೋಲು, ಕೊಂಬು ಮುಂತಾದ ಗಟ್ಟಿ ದನಿಯ ವಾದ್ಯಗಳನ್ನು ನಿಷೇಧಿಸಿದರು. ಮೆಲುದನಿಯ ತಂತಿವಾದ್ಯಕ್ಕೆ ಅಂಥ ಭಯವಿರಲಿಲ್ಲ. ಗುಡಿಸಿಲಿನ ಮುಂದೆ ಅದು ಉಳಿಯಿತು. 1785ರಿಂದ 1790ರ ನಡುವೆ ಅದೇ ದಕ್ಷಿಣ ಕೆರೊಲಿನಾದಲ್ಲಿ ಬರೆದ ಒಂದು ಜಲವರ್ಣ ಚಿತ್ರದಲ್ಲಿ ಕಪ್ಪು ಮನುಷ್ಯನೊಬ್ಬ ಸೋರೆ ಬ್ಯಾಂಜೋ ನುಡಿಸುತ್ತಿದ್ದಾನೆ. ಅದರಲ್ಲಿ ಮೂರು ಉದ್ದ ತಂತಿ, ಒಂದು ಗಿಡ್ಡ ತಂತಿ ಸ್ಪಷ್ಟವಾಗಿ ಕಾಣುತ್ತವೆ. ಚಿತ್ರ ಬರೆದವರು ಜಾನ್ ರೋಸ್ ಎಂಬ ಗುಲಾಮರ ಒಡೆಯರೇ ಎಂದು 2010ರ ಸಂಶೋಧನೆ ತಿಳಿಸಿತು. ಒಡೆಯನ ಹೆಸರು ಗೊತ್ತಾಯಿತು. ಬ್ಯಾಂಜೋ ನುಡಿಸುತ್ತಿದ್ದವನ ಹೆಸರು ಚಿತ್ರದಲ್ಲಿ ಇಲ್ಲ.

ವೇದಿಕೆ ಏರಿದ ವಾದ್ಯ, ಮರೆಯಾದ ಒಡೆಯ

19ನೆಯ ಶತಮಾನದ ಮೊದಲ ಭಾಗದಲ್ಲಿ ವರ್ಜೀನಿಯಾದ ಜೋಯಲ್ ವಾಕರ್ ಸ್ವೀನಿ ಎಂಬ ಬಿಳಿಯ ಯುವಕ ಕಪ್ಪು ಜನರಿಂದ ಬ್ಯಾಂಜೋ ಕಲಿತು ಊರೂರು ಸುತ್ತಿ ನುಡಿಸಿ ಹೆಸರಾದರು. 1843ರಲ್ಲಿ ನ್ಯೂಯಾರ್ಕ್ ನಗರದಲ್ಲಿ 'ವರ್ಜೀನಿಯಾ ಮಿನ್‌ಸ್ಟ್ರಲ್ಸ್' ಎಂಬ ನಾಲ್ವರ ತಂಡ ರಂಗಕ್ಕೆ ಬಂದಿತು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಜನರ ಮಾತು, ನಡೆ, ಹಾಡುಗಳನ್ನು ಅಣಕಿಸಿ ಜನರನ್ನು ನಗಿಸುವ ಪ್ರದರ್ಶನ ಅದು. ಬ್ಯಾಂಜೋ ಅದರ ಮುಖ್ಯ ವಾದ್ಯ. ಈ ಬಗೆಯ ಆಟ ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಅಪಾರ ಜನಪ್ರಿಯವಾಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ ಅವರು 1848ರಲ್ಲಿ ತಮ್ಮ ಪತ್ರಿಕೆಯಲ್ಲಿ ಇದನ್ನು ಬಹಳ ಕಟುವಾಗಿ ಖಂಡಿಸಿದರು.

ಬೇಡಿಕೆ ಹೆಚ್ಚಿದಂತೆ ವಾದ್ಯದ ರೂಪ ಬದಲಾಯಿತು. 1840ರ ದಶಕದಲ್ಲಿ ಬಾಲ್ಟಿಮೋರ್ ನಗರದ ವಿಲಿಯಂ ಬೌಚರ್ ಎಂಬ ಡೋಲು ತಯಾರಕರು ಮರದ ಬಳೆಗೆ ಚರ್ಮ ಬಿಗಿದು, ಲೋಹದ ತಿರುಪುಗಳಿಂದ ಅದನ್ನು ಎಳೆದು ಕಟ್ಟುವ ಬ್ಯಾಂಜೋ ಮಾರತೊಡಗಿದರು. ಸೋರೆ ಬುರುಡೆ ಹಿಂದೆ ಸರಿಯಿತು. 1855ರಲ್ಲಿ ಬ್ಯಾಂಜೋ ಕಲಿಯುವ ಪುಸ್ತಕವೊಂದು ಅಚ್ಚಾಯಿತು. ಅದರಲ್ಲಿ ವಿವರಿಸಿರುವುದೂ ಉಗುರಿನ ಇಳಿಹೊಡೆತವೇ. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಫಿಲಡೆಲ್ಫಿಯಾದ ಎಸ್. ಎಸ್. ಸ್ಟೂವರ್ಟ್ ಅವರಂಥ ತಯಾರಕರು ಬ್ಯಾಂಜೋವನ್ನು ಶ್ರೀಮಂತರ ದಿವಾನಖಾನೆಗೆ ಒಯ್ಯಲು ಹೆಣಗಿದರು. ದಂಡಿಗೆ ಮೆಟ್ಟಿಲುಗಳು ಬಂದವು. ಕಾಲೇಜುಗಳಲ್ಲಿ ಬ್ಯಾಂಜೋ ಸಂಘಗಳು ಹುಟ್ಟಿದವು. ಇದೊಂದು ಸಭ್ಯ ವಾದ್ಯ ಎಂದು ತೋರಿಸಬೇಕಾದಾಗ, ಇದು ಆಫ್ರಿಕದಿಂದ ಬಂದದ್ದು ಎಂಬ ಮಾತನ್ನು ಮರೆಸುವುದೇ ಅನುಕೂಲವೆನಿಸಿತು. ಗಿಡ್ಡ ತಂತಿಯನ್ನು ಕಂಡುಹಿಡಿದದ್ದು ಸ್ವೀನಿಯೇ ಎಂಬ ಕತೆಯೂ ಹಬ್ಬಿತು. ಸ್ವೀನಿ ಹುಟ್ಟಿದ್ದು 1810ರಲ್ಲಿ. ಅದಕ್ಕೆ ಇಪ್ಪತ್ತು ವರ್ಷ ಮೊದಲಿನ ಚಿತ್ರದಲ್ಲೇ ಗಿಡ್ಡ ತಂತಿ ಇದೆ ಎಂಬುದನ್ನು ನಾವು ಈಗಾಗಲೇ ನೋಡಿದೆವು. ಚರಿತ್ರೆಯನ್ನು ಓದುವಾಗ ಒಂದು ಸಣ್ಣ ಸಾಕ್ಷ್ಯ ಎಷ್ಟು ದೊಡ್ಡ ಕಟ್ಟುಕತೆಯನ್ನು ಕೆಡವಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ಅಣಕದ ವಾದ್ಯವೆಂಬ ಹಣೆಪಟ್ಟಿ ಅಂಟಿದ ಮೇಲೆ ಕಪ್ಪು ಜನರಲ್ಲಿ ಅನೇಕರು ಕ್ರಮೇಣ ಬ್ಯಾಂಜೋವಿನಿಂದ ದೂರವಾದರು. 20ನೆಯ ಶತಮಾನದಲ್ಲಿ ಗಿಟಾರ್ ಅವರ ಕೈಗೆ ಬಂದಿತು. ಬ್ಯಾಂಜೋ ಬಿಳಿಯರದೇ ವಾದ್ಯ ಎಂದು ಅಮೆರಿಕದ ಬಹುಜನ ನಂಬತೊಡಗಿದರು.

ಬೆಟ್ಟದ ಊರುಗಳಲ್ಲಿ

ಅಮೆರಿಕದ ಪೂರ್ವ ಭಾಗದಲ್ಲಿ ಉದ್ದಕ್ಕೂ ಹಬ್ಬಿರುವ ಬೆಟ್ಟಸಾಲಿಗೆ ಅಪಲಾಚಿಯನ್ ಎಂದು ಹೆಸರು. ಇಂಗ್ಲೆಂಡ್, ಸ್ಕಾಟ್‌ಲ್ಯಾಂಡ್, ಐರ್ಲೆಂಡ್‌ಗಳಿಂದ ಬಂದ ಬಡ ವಲಸಿಗರು ಇಲ್ಲಿ ನೆಲೆಸಿದ್ದರು. ಅವರು ಹಳೆಯ ಕಥನಗೀತೆಗಳನ್ನು ಜೊತೆಯಲ್ಲಿ ತಂದಿದ್ದರು. ಇಂಗ್ಲೆಂಡಿನ ಸಂಗ್ರಾಹಕ ಸೆಸಿಲ್ ಶಾರ್ಪ್ ಅವರು ಮಾಡ್ ಕಾರ್ಪಲೆಸ್ ಅವರ ಜೊತೆಗೂಡಿ 1916ರಿಂದ 1918ರವರೆಗೆ ಈ ಬೆಟ್ಟಗಳಲ್ಲಿ ಅಲೆದು ಸಾವಿರಕ್ಕೂ ಹೆಚ್ಚು ಹಾಡುಗಳನ್ನು ಬರೆದುಕೊಂಡರು. ಅವರಿಗೆ ಬೇಕಾಗಿದ್ದುದು ಇಂಗ್ಲೆಂಡಿನ ಹಳೆಯ ಹಾಡು. ಹಾಗಾಗಿ ಅದೇ ಬೆಟ್ಟಗಳಲ್ಲಿದ್ದ ಕಪ್ಪು ಜನರ ಸಂಗೀತದ ಕಡೆಗೆ ಅವರ ಗಮನ ಹೆಚ್ಚು ಹರಿಯಲಿಲ್ಲ.

ವಾಸ್ತವದಲ್ಲಿ ಬೆಟ್ಟದ ಸಂಗೀತ ಬೆರೆತ ಸಂಗೀತ. ಅಲ್ಲಿ ಗುಲಾಮರೂ ಇದ್ದರು. 1865ರಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ ರೈಲುಹಾದಿ ಹಾಕಲು, ಕಲ್ಲಿದ್ದಲು ಗಣಿಯಲ್ಲಿ ದುಡಿಯಲು ಕಪ್ಪು ಕೂಲಿಗಾರರು ಬಂದರು. ವಾಸದ ಕೇರಿಗಳು ಬೇರೆಯಾಗಿದ್ದರೂ ಹಾಡು ಕಿವಿಯಿಂದ ಕಿವಿಗೆ ದಾಟಿತು. ಬ್ಯಾಂಜೋ ಕೊಳ್ಳಲು ಹಣವಿಲ್ಲದವರು ಮನೆಯಲ್ಲೇ ಮರ ಕೆತ್ತಿ, ಸಿಕ್ಕ ಪ್ರಾಣಿಯ ಚರ್ಮ ಬಿಗಿದು ಮಾಡಿಕೊಂಡರು. ಕುಣಿತಕ್ಕೆ ವೇಗದ ನುಡಿತ ಬೇಕಾಗಿತ್ತು, ಅದೂ ಅವರಲ್ಲಿತ್ತು. ಕುಣಿತ ಮುಗಿದ ಮೇಲೆ ನಿಧಾನದ ಹಾಡು.

ನಿಧಾನದ ಹಾಡಿಗೆ ಇನ್ನೊಂದು ಮೂಲ ಅಲ್ಲಿಯ ಪ್ರಾರ್ಥನಾ ಮಂದಿರ. ಕೆಂಟಕಿ ಪ್ರಾಂತದ ಹಳೆಯ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ವಾದ್ಯಗಳಿಗೆ ಪ್ರವೇಶವಿರಲಿಲ್ಲ. ಒಬ್ಬರು ಒಂದು ಸಾಲನ್ನು ಹೇಳಿಕೊಡುತ್ತಾರೆ. ಸಭೆಯೆಲ್ಲ ಅದನ್ನು ಎಳೆದೆಳೆದು, ಪ್ರತಿ ಅಕ್ಷರವನ್ನೂ ಬಳುಕಿಸುತ್ತ ಹಾಡುತ್ತದೆ. ತಾಳದ ಬಿಗಿ ಇಲ್ಲ. ಉಸಿರೇ ತಾಳ. ಬಾಲ್ಯದಿಂದ ಇದನ್ನು ಕೇಳಿ ಬೆಳೆದವರು ಮನೆಗೆ ಬಂದು ಬ್ಯಾಂಜೋ ಹಿಡಿದಾಗ ಅದೇ ಎಳೆತ ಅವರ ಕೊರಳಿನಲ್ಲಿ ಇರುತ್ತಿತ್ತು.

ನಿಲ್ಲದ ನಾದದಲ್ಲಿ ನಿಧಾನ ಹೇಗೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬ್ಯಾಂಜೋವಿನ ನಾದ ಬೇಗ ಆರುತ್ತದೆ. ತಂತಿಯ ಕಂಪನ ಹಗುರವಾದ ಕುದುರೆಯ ಮೂಲಕ ತೆಳುವಾದ ಚರ್ಮಕ್ಕೆ ತಕ್ಷಣ ದಾಟುತ್ತದೆ, ಚರ್ಮ ಅದನ್ನು ಒಮ್ಮೆಲೇ ಗಾಳಿಗೆ ಕೊಟ್ಟುಬಿಡುತ್ತದೆ. ಹಾಗಾಗಿ ದನಿ ಗಟ್ಟಿ, ಆದರೆ ಆಯುಸ್ಸು ಕಡಿಮೆ. ಗಿಟಾರಿನ ದಪ್ಪ ಮರದ ಹಲಗೆ ಇಷ್ಟು ದುಂದುಗಾರನಲ್ಲ. ಅದರಲ್ಲಿ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ. ಹೀಗಿರುವಾಗ ವಿಲಂಬದ ಹಾಡಿಗೆ ಬ್ಯಾಂಜೋ ಹೇಗೆ ಹೊಂದಿತು?

ಮೊದಲನೆಯ ಉಪಾಯ ಗಿಡ್ಡ ತಂತಿ. ಹಾಡಿನ ಸ್ವರ ಯಾವುದೇ ಇರಲಿ, ಹೆಬ್ಬೆರಳು ಆಗಾಗ ಆ ತಂತಿಯನ್ನು ಮುಟ್ಟಿ ಮೇಲಿನ ಷಡ್ಜವನ್ನು ನೆನಪಿಸುತ್ತಲೇ ಇರುತ್ತದೆ. ನಮ್ಮ ತಂಬೂರಿಯ ಶ್ರುತಿಯಂತೆ ಅದು ಹಾಡಿಗೆ ಒಂದು ನೆಲೆ ಕೊಡುತ್ತದೆ. ಎರಡನೆಯದು ಎಡಗೈಯ ಕೆಲಸ. ಒಮ್ಮೆ ಮೀಟಿದ ತಂತಿಯ ಮೇಲೆ ಬೆರಳನ್ನು ಜಾರಿಸಿ, ಒತ್ತಿ, ಎಳೆದು ಬಿಟ್ಟು ಒಂದು ಮೀಟಿನಿಂದ ಎರಡು ಮೂರು ಸ್ವರಗಳನ್ನು ಹೊರಡಿಸುತ್ತಾರೆ. ಮೂರನೆಯದು ಶ್ರುತಿ ಮಾಡುವ ಕ್ರಮ. ಸಾಮಾನ್ಯವಾದ ಒಂದು ಕ್ರಮದಲ್ಲಿ ನಾಲ್ಕು ಉದ್ದ ತಂತಿಗಳು ಕೆಳಗಿನಿಂದ ಮೇಲಕ್ಕೆ ಪ, ಸ, ಅಂತರ ಗಾಂಧಾರ, ಪ ಎಂದು ಇರುತ್ತವೆ. ಗಾಂಧಾರದ ತಂತಿಯನ್ನು ಅರ್ಧ ಸ್ವರ ಏರಿಸಿದರೆ ಅದು ಶುದ್ಧ ಮಧ್ಯಮವಾಗುತ್ತದೆ: ಪ, ಸ, ಮ, ಪ. ಇಷ್ಟು ಸಣ್ಣ ಬದಲಾವಣೆಯಿಂದ ವಾದ್ಯದ ಬಣ್ಣವೇ ಬೇರೆಯಾಗುತ್ತದೆ. ಗಾಂಧಾರ ಹೋದುದರಿಂದ ಬರಿ ತಂತಿಗಳು ಸಂತೋಷದ ಕಡೆಗೂ ವಾಲುವುದಿಲ್ಲ, ದುಃಖದ ಕಡೆಗೂ ವಾಲುವುದಿಲ್ಲ. ಏನೋ ಹೇಳಲು ಬಂದು ತಡೆದು ನಿಂತಂತೆ ಕೇಳುತ್ತವೆ. ಬೆಟ್ಟದ ಅನೇಕ ಶೋಕದ ಹಾಡುಗಳು ಈ ಶ್ರುತಿಯಲ್ಲೇ ಇವೆ. ಅಲ್ಲಿಯ ಜನ ಇದನ್ನು ಮರ ಕೊಯ್ಯುವ ಕಾರ್ಖಾನೆಯ ಹೆಸರಿನಿಂದ 'ಸಾಮಿಲ್' ಶ್ರುತಿ ಎನ್ನುತ್ತಾರೆ.

ಇಷ್ಟೆಲ್ಲ ಮಾಡಿದರೂ ಸ್ವರಗಳ ನಡುವೆ ಬಿಡುವು ಉಳಿಯುತ್ತದೆ. ಆ ಬಿಡುವನ್ನು ತುಂಬುವುದು ಹಾಡುವವರ ಕೊರಳು. ವಾದ್ಯ ಒಂದು ಸ್ವರವನ್ನು ತೋರಿಸಿ ಸುಮ್ಮನಾಗುತ್ತದೆ, ಕೊರಳು ಅದನ್ನು ಹಿಡಿದು ಎಳೆಯುತ್ತದೆ. ಹೊಸದಾಗಿ ಕಲಿಯುವ ಹವ್ಯಾಸಿಗೆ ಇದೇ ಕಷ್ಟದ ಪಾಠ. ವೇಗದಲ್ಲಿ ಒಂದು ತಪ್ಪು ಬೆರಳು ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ನಿಧಾನದಲ್ಲಿ ಪ್ರತಿಯೊಂದು ಸ್ವರವೂ ಒಬ್ಬಂಟಿಯಾಗಿ ನಿಂತು ಉತ್ತರ ಹೇಳಬೇಕಾಗುತ್ತದೆ.

ಒಬ್ಬ ಗಣಿ ಕಾರ್ಮಿಕ

ಈ ಸಂಗೀತದ ಸ್ವರೂಪವನ್ನೂ ಸಂಕಟವನ್ನೂ ಒಟ್ಟಿಗೆ ತೋರಿಸುವ ಬಾಳು ಡಾಕ್ ಬಾಗ್ಸ್ ಅವರದು. 1898ರ ಫೆಬ್ರವರಿ 7ರಂದು ವರ್ಜೀನಿಯಾದ ನಾರ್ಟನ್ ಊರಿನ ಬಳಿ ಹುಟ್ಟಿದರು. ಹನ್ನೆರಡನೆಯ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದರು. ಬಾಲ್ಯದಲ್ಲಿ ಕಪ್ಪು ವಾದಕರು ಬ್ಯಾಂಜೋ ನುಡಿಸುವುದನ್ನು ಕೇಳಿ, ಉಗುರಿನ ಇಳಿಹೊಡೆತವನ್ನು ಬಿಟ್ಟು, ಬೆರಳಿನಿಂದ ತಂತಿಯನ್ನು ಮೇಲಕ್ಕೆ ಎತ್ತಿ ಒಂದೊಂದೇ ಸ್ವರ ನುಡಿಸುವ ರೀತಿಯನ್ನು ರೂಢಿಸಿಕೊಂಡರು. ಬ್ಯಾಂಜೋ ಅವರ ಹಾಡನ್ನು ಹೆಜ್ಜೆ ಹೆಜ್ಜೆಗೂ ಹಿಂಬಾಲಿಸುತ್ತಿತ್ತು.

1927ರಲ್ಲಿ ಬ್ರನ್ಸ್‌ವಿಕ್ ಎಂಬ ಗ್ರಾಮಫೋನ್ ಕಂಪನಿಯವರು ಹಾಡುಗಾರರನ್ನು ಹುಡುಕಿಕೊಂಡು ನಾರ್ಟನ್‌ಗೆ ಬಂದರು. ಗಣಿಯ ಕೆಲಸದಲ್ಲಿದ್ದ ಬಾಗ್ಸ್ ಎರವಲು ಬ್ಯಾಂಜೋ ಹಿಡಿದು ಪರೀಕ್ಷೆಗೆ ಹೋದರು, ಆಯ್ಕೆಯಾದರು. ನ್ಯೂಯಾರ್ಕಿಗೆ ಹೋಗಿ ಎಂಟು ಹಾಡು ಹಾಡಿದರು. 1929ರಲ್ಲಿ ಇನ್ನೊಂದು ಸಣ್ಣ ಕಂಪನಿಗೆ ನಾಲ್ಕು ಹಾಡು. ಒಟ್ಟು ಹನ್ನೆರಡು.

ಬಾಗ್ಸ್ ತಾವಾಗಿ ಹವ್ಯಾಸಿಯಾಗಿ ಉಳಿದವರಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸಂಗೀತದಿಂದ ಬದುಕಬೇಕು, ಗಣಿಯ ಕತ್ತಲೆಯಿಂದ ಹೊರಬರಬೇಕು ಎಂದು ಅವರು ಆಸೆಪಟ್ಟರು. ತಂಡ ಕಟ್ಟಿ ಊರೂರು ನುಡಿಸಿದರು. ಆದರೆ 1929ರ ನಂತರ ಅಮೆರಿಕವನ್ನು ಕವಿದ ಆರ್ಥಿಕ ಮುಗ್ಗಟ್ಟಿನಲ್ಲಿ ರೆಕಾರ್ಡುಗಳ ಮಾರಾಟ ಕುಸಿಯಿತು. ಗಣಿಯೂರುಗಳ ಜನರ ಕೈಯಲ್ಲಿ ಕಾಸಿರಲಿಲ್ಲ. ಇತ್ತ ಧರ್ಮಶ್ರದ್ಧೆಯುಳ್ಳ ಪತ್ನಿಗೆ, ಕುಡಿತದ ಕೂಟಗಳಲ್ಲಿ ನುಡಿಸುವ ಈ ಸಂಗೀತ ಒಪ್ಪಿಗೆಯಾಗಲಿಲ್ಲ. ಬಾಗ್ಸ್ ತಮ್ಮ ಬ್ಯಾಂಜೋವನ್ನು ಸ್ನೇಹಿತನೊಬ್ಬನ ಬಳಿ ಒತ್ತೆಯಿಟ್ಟರು. ಸುಮಾರು ಕಾಲು ಶತಮಾನ ಅದನ್ನು ನುಡಿಸದೆ ಗಣಿಯಲ್ಲಿ ದುಡಿದರು.

ಈ ನಡುವೆ ಅವರಿಗೆ ಗೊತ್ತಿಲ್ಲದಂತೆ ಒಂದು ಘಟನೆ ನಡೆಯಿತು. 1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕರು 1920 ಮತ್ತು 30ರ ದಶಕಗಳ 84 ಹಳೆಯ ಧ್ವನಿಮುದ್ರಣಗಳನ್ನು ಆಯ್ದು ಫೋಕ್‌ವೇಸ್ ಕಂಪನಿಯ ಮೂಲಕ ಪ್ರಕಟಿಸಿದರು. ಅದರಲ್ಲಿ ಬಾಗ್ಸ್ ಅವರ ಎರಡು ಹಾಡುಗಳಿದ್ದವು. ನಗರದ ಯುವಕರು ಆ ದನಿ ಕೇಳಿ ಬೆರಗಾದರು. ಹಾಡಿದವರು ಯಾರು, ಬದುಕಿದ್ದಾರೋ ಇಲ್ಲವೋ ಯಾರಿಗೂ ತಿಳಿಯದು. 1963ರಲ್ಲಿ ಮೈಕ್ ಸೀಗರ್ ಎಂಬ ಸಂಗೀತಗಾರ ಹುಡುಕಿಕೊಂಡು ಹೋದಾಗ ಬಾಗ್ಸ್ ನಾರ್ಟನ್ ಪ್ರದೇಶದಲ್ಲೇ ಇದ್ದರು. ಗಣಿಯಿಂದ ನಿವೃತ್ತರಾಗಿ, ಹಳೆಯ ಬ್ಯಾಂಜೋವನ್ನು ಬಿಡಿಸಿಕೊಂಡು, ಮತ್ತೆ ನುಡಿಸಲು ತೊಡಗಿದ್ದರು. ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಸಾವಿರಾರು ಜನರ ಮುಂದೆ ಹಾಡಿದರು. ಮುಂದಿನ ಕೆಲವು ವರ್ಷಗಳಲ್ಲಿ ಅವರ ಹಾಡುಗಳ ಜೊತೆಗೆ ಗಣಿಯ ಬದುಕಿನ ಮಾತುಗಳೂ ಧ್ವನಿಮುದ್ರಣಗೊಂಡವು. 1971ರಲ್ಲಿ ತಮ್ಮ 73ನೆಯ ಹುಟ್ಟುಹಬ್ಬದ ದಿನವೇ ಅವರು ತೀರಿಕೊಂಡರು.

ಈ ಬಾಳನ್ನು ಬರಿಯ ಯಶಸ್ಸಿನ ಕತೆಯಾಗಿ ಓದುವುದು ಸುಲಭ. ಆದರೆ ನಡುವಿನ ಕಾಲು ಶತಮಾನದಲ್ಲಿ ಹಾಡದೇ ಹೋದ ಹಾಡುಗಳನ್ನು ಯಾರೂ ಮರಳಿ ತರಲಾರರು. ಬಡತನ ಒಬ್ಬ ಮನುಷ್ಯನನ್ನು ಹವ್ಯಾಸಿಯಾಗಿಯೂ ಇರಲು ಬಿಡದೆ ಮೌನಿಯನ್ನಾಗಿ ಮಾಡಬಲ್ಲದು.

ಬಾಗ್ಸ್ ಒಬ್ಬರೇ ಅಲ್ಲ. ಕೆಂಟಕಿಯ ಡೇಸಿ ಎಂಬ ಸಣ್ಣ ಊರಿನ ರಾಸ್ಕೋ ಹಾಲ್ಕಂ ಅವರು ಗಣಿ, ಮರದ ಕಾರ್ಖಾನೆ, ಕಟ್ಟಡ ಕೆಲಸಗಳಲ್ಲಿ ದುಡಿದವರು. 1959ರಲ್ಲಿ ಜಾನ್ ಕೊಹೆನ್ ಎಂಬ ಛಾಯಾಗ್ರಾಹಕರು ಅವರ ಮನೆಯ ಜಗುಲಿಯಲ್ಲಿ ಅವರ ಹಾಡು ಕೇಳಿ, ಮುಂದೆ ಅವರನ್ನು ಕುರಿತು ಚಲನಚಿತ್ರ ಮಾಡಿದರು. ಉತ್ತರ ಕೆರೊಲಿನಾದ ಕಪ್ಪು ಮಹಿಳೆ ಎಲಿಜಬೆತ್ ಕಾಟನ್ ಅವರು ಬಾಲ್ಯದಲ್ಲಿ ಅಣ್ಣನ ಬ್ಯಾಂಜೋವನ್ನು ಕದ್ದುಮುಚ್ಚಿ ನುಡಿಸಿ ಕಲಿತವರು. ಎಡಚರಾದ ಅವರು ವಾದ್ಯವನ್ನು ತಿರುಗಿಸಿ ಹಿಡಿದು ತಮ್ಮದೇ ಪದ್ಧತಿ ಕಂಡುಕೊಂಡರು. ಮುಂದೆ ಹಲವು ದಶಕ ವಾದ್ಯವನ್ನೇ ಬಿಟ್ಟಿದ್ದರು. ವಾಷಿಂಗ್ಟನ್ನಿನಲ್ಲಿ ಸೀಗರ್ ಕುಟುಂಬದ ಮನೆಗೆಲಸಕ್ಕೆ ಸೇರಿದ ಮೇಲೆ ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಕೈಗೆತ್ತಿಕೊಂಡರು. ಆ ಮನೆಯ ಮಗನೇ ಮೇಲೆ ಹೇಳಿದ ಮೈಕ್ ಸೀಗರ್. ಎಂಬತ್ತು ದಾಟಿದ ಮೇಲೂ ಹಾಡುತ್ತಿದ್ದ ಕಾಟನ್ ಅವರಿಗೆ 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು.

ವೇಗದ ಯುಗ ಮತ್ತು ಕಲಿಸುವ ಪುಸ್ತಕ

1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಯುವಕ ಬಿಲ್ ಮನ್ರೋ ಅವರ ತಂಡ ಸೇರಿದರು. ಮೂರು ಬೆರಳುಗಳಿಂದ ಮಳೆ ಸುರಿದಂತೆ ಸ್ವರ ಸುರಿಸುವ ಅವರ ರೀತಿ ರೇಡಿಯೋ ಮೂಲಕ ದೇಶವನ್ನೆಲ್ಲ ಆವರಿಸಿತು. ಬ್ಲೂಗ್ರಾಸ್ ಎಂಬ ಹೊಸ ಪ್ರಕಾರಕ್ಕೆ ಅದು ಗುರುತಾಯಿತು. ಸ್ಕ್ರಗ್ಸ್ ದೊಡ್ಡ ಕಲಾವಿದರು, ಸಂದೇಹವಿಲ್ಲ. ಆದರೆ ಬ್ಯಾಂಜೋ ಎಂದರೆ ವೇಗ ಎಂಬ ಭಾವನೆ ಇದರಿಂದ ಬಲಗೊಂಡಿತು.

ಸುಮಾರಾಗಿ ಅದೇ ಕಾಲದಲ್ಲಿ ಮೈಕ್ ಅವರ ಅಣ್ಣ, ಇನ್ನೊಬ್ಬ ತಾಯಿಯ ಮಗ ಪೀಟ್ ಸೀಗರ್ ಬೇರೊಂದು ದಾರಿ ಹಿಡಿದರು. 1936ರಲ್ಲಿ ಉತ್ತರ ಕೆರೊಲಿನಾದ ಒಂದು ಜಾನಪದ ಉತ್ಸವದಲ್ಲಿ ಐದು ತಂತಿಯ ಬ್ಯಾಂಜೋ ಕೇಳಿ ಮನಸೋತಿದ್ದ ಅವರು, 1948ರಲ್ಲಿ ಅದನ್ನು ಕಲಿಸುವ ಕೈಪಿಡಿಯೊಂದನ್ನು ಬರೆದು, ಪ್ರತಿಗಳನ್ನು ತಾವೇ ತೆಗೆದು ಹಂಚಿದರು. ಗುರುವಿಲ್ಲದ ಊರಿನ ಹವ್ಯಾಸಿಯೂ ಕಲಿಯಲಿ ಎಂಬುದು ಅದರ ಉದ್ದೇಶ. ತಮ್ಮ ಕೊರಳಿಗೆ ಹೊಂದುವ ಶ್ರುತಿ ಸಿಗಲೆಂದು ದಂಡಿಗೆ ಮೂರು ಮೆಟ್ಟಿಲು ಸೇರಿಸಿ ಉದ್ದ ಮಾಡಿಸಿಕೊಂಡರು. ವಾದ್ಯಕ್ಕೆ ಕೊರಳು ಬಗ್ಗಲಿಲ್ಲ, ಕೊರಳಿಗೆ ವಾದ್ಯ ಬಗ್ಗಿತು. ನಮ್ಮ ಶಾಲಾ ಶಿಬಿರಗಳಲ್ಲಿ ಕನ್ನಡ ರೂಪದಲ್ಲೂ ಹಾಡುವ 'ವಿ ಶಲ್ ಓವರ್‌ಕಮ್' ಎಂಬ ಗೀತೆ ಜಗತ್ತಿನಾದ್ಯಂತ ಹಬ್ಬಲು ಶ್ರಮಿಸಿದವರಲ್ಲಿ ಇವರೂ ಒಬ್ಬರು. ಅದು ಕಪ್ಪು ಜನರ ಪ್ರಾರ್ಥನಾ ಮಂದಿರಗಳ ಮತ್ತು ಕಾರ್ಮಿಕರ ಹೋರಾಟದ ಹಾಡು. ಅದೂ ನಿಧಾನದ ಹಾಡೇ.

ಹೆಸರು ಮರಳಿ ಬಂದ ಬಗೆ

ಮರೆತ ಚರಿತ್ರೆಯನ್ನು ಮರಳಿ ಹುಡುಕುವ ಕೆಲಸ ಕಪ್ಪು ಯುವಜನರಿಂದಲೂ ನಡೆಯಿತು. 2005ರಲ್ಲಿ ಉತ್ತರ ಕೆರೊಲಿನಾದ ಬೂನ್ ಪಟ್ಟಣದಲ್ಲಿ ಕಪ್ಪು ಬ್ಯಾಂಜೋ ವಾದಕರ ಸಮಾವೇಶ ಸೇರಿತು. ಅಲ್ಲಿ ಭೇಟಿಯಾದ ಕೆಲವು ಯುವ ಸಂಗೀತಗಾರರು ಜೋ ಥಾಮ್ಸನ್ ಎಂಬ ವೃದ್ಧ ಪಿಟೀಲುವಾದಕರ ಮನೆಗೆ ಹೋಗಿ, ಅವರ ಎದುರಿಗೆ ಕುಳಿತು ಕಲಿತರು. ಥಾಮ್ಸನ್ ಅವರ ಮನೆತನದಲ್ಲಿ ಪಿಟೀಲು, ಬ್ಯಾಂಜೋ ಎರಡೂ ತಲೆಮಾರುಗಳಿಂದ ಇದ್ದವು; ಅವರ ಜೀವನೋಪಾಯ ಮಾತ್ರ ಕಾರ್ಖಾನೆಯ ಕೆಲಸ. ಆ ಶಿಷ್ಯರಲ್ಲಿ ಒಬ್ಬರಾದ ರಿಯಾನನ್ ಗಿಡೆನ್ಸ್ ಅವರಿಗೆ ಒಂದು ಸಂಗೀತನಾಟಕದ ರಚನೆಗಾಗಿ 2023ರಲ್ಲಿ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಮೆಟ್ಟಿಲುಗಳಿಲ್ಲದ ಹಳೆಯ ಮಾದರಿಯ ಬ್ಯಾಂಜೋ ಹಿಡಿದು, ಗುಲಾಮ ತಾಯಂದಿರ ನೋವನ್ನು ನಿಧಾನವಾಗಿ ಹಾಡುವ ಅವರನ್ನು ಕೇಳಿದರೆ, ವಾದ್ಯ ತನ್ನ ಮನೆಗೆ ಮರಳಿತು ಅನ್ನಿಸುತ್ತದೆ.

ಮಿತ್ರರೇ, ಈ ಚರಿತ್ರೆಯಿಂದ ನಮಗೆ ಸಿಗುವುದೇನು? ಸಂಗೀತದ ಚರಿತ್ರೆ ಎಂದರೆ ಆಸ್ಥಾನ ವಿದ್ವಾಂಸರ, ರಂಗದ ತಾರೆಯರ ಚರಿತ್ರೆ ಮಾತ್ರವಲ್ಲ. ಮಾರುಕಟ್ಟೆಗೆ ಬೇಡವಾದುದನ್ನು, ರಂಗ ಅಣಕವಾಡಿ ಬಿಸುಟದ್ದನ್ನು ದುಡಿಯುವ ಜನ ತಮಗಾಗಿ ಹಾಡಿಕೊಂಡು ಉಳಿಸಿದರು. ಹಾಗೆ ಉಳಿದದ್ದು ನಮ್ಮವರೆಗೆ ಬರಬೇಕಾದರೆ ಇನ್ನೊಂದು ಕೆಲಸವೂ ಬೇಕಾಯಿತು: ಯಾರೋ ಒಬ್ಬರು ಹುಡುಕಿಕೊಂಡು ಹೋಗಿ, ಕೇಳಿ, ಹೆಸರು ಸಮೇತ ದಾಖಲಿಸುವ ಕೆಲಸ. ಜಲವರ್ಣ ಚಿತ್ರದ ಬ್ಯಾಂಜೋವಾದಕನಿಗೆ ಅದು ದಕ್ಕಲಿಲ್ಲ, ಡಾಕ್ ಬಾಗ್ಸ್ ಅವರಿಗೆ ತಡವಾಗಿಯಾದರೂ ದಕ್ಕಿತು.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಹಗಲೆಲ್ಲ ದುಡಿದು ಸಂಜೆ ಹಾಡಿಕೊಳ್ಳುವ ಹಿರಿಯರು ಇರಬಹುದು. ಬೀಸುವಾಗ ಹಾಡುತ್ತಿದ್ದುದನ್ನು ನೆನಪಿಟ್ಟುಕೊಂಡ ಅಜ್ಜಿ ಇರಬಹುದು, ಏಕತಾರಿ ಹಿಡಿದು ತತ್ವಪದ ಹೇಳುವ ರೈತರಿರಬಹುದು, ಬುಲ್‌ಬುಲ್ ತರಂಗ್ ನುಡಿಸುವ ದರ್ಜಿ ಇರಬಹುದು. ಈ ರಜೆಯಲ್ಲಿ ಅವರ ಬಳಿ ಕುಳಿತು ಒಂದು ಹಾಡನ್ನಾದರೂ ಪೂರ್ತಿ ಕೇಳಿ ಬರೆದುಕೊಳ್ಳಿ. ಹಾಡಿನ ಕೆಳಗೆ ಹಾಡಿದವರ ಹೆಸರು, ಊರು, ಅವರು ಮಾಡುವ ಕೆಲಸ, ಹಾಡು ಕಲಿತದ್ದು ಯಾರಿಂದ, ನೀವು ಕೇಳಿದ ದಿನಾಂಕ, ಈ ಐದನ್ನು ಮರೆಯದೆ ಬರೆಯಿರಿ.